ಸಂಶೋಧನೆ ಹೇಳಿದ್ದು ಎಲ್ಲರ ಬಗ್ಗೆಯಾ, ನಿಮ್ಮ ಬಗ್ಗೆಯಾ?

ದಿನಾ ಒಂದಲ್ಲ ಒಂದು ಸುದ್ದಿ ಫೋನಿಗೆ ಬಂದು ಬೀಳ್ತಾನೇ ಇರುತ್ತೆ, ಜಾಸ್ತಿ ಹೊತ್ತು ಸ್ಕ್ರೀನ್ ನೋಡೋರಿಗೆ ಬೇಜಾರು ಜಾಸ್ತಿಯಂತೆ, ವ್ಯಾಯಾಮ ಮಾಡೋರಿಗೆ ಆತಂಕ ಕಮ್ಮಿಯಂತೆ, ನಿದ್ದೆಗೆಟ್ಟೋರಿಗೆ ಬೇಗ ಸಿಟ್ಟು ಬರುತ್ತಂತೆ. ಓದಿದ ಕೂಡ್ಲೇ ಮನಸ್ಸಲ್ಲಿ ಏಳೋ ಪ್ರಶ್ನೆ ಒಂದೇ, ಹಾಗಾದ್ರೆ ನನ್ನ ಕಥೆ ಏನು ಅಂತ. ಮೊದಲಾದ್ರೆ ಓದಿ ಮರೆತುಬಿಡಬಹುದಿತ್ತು. ಈಗ ಕೆಲಸಕ್ಕೆ ಅರ್ಜಿ ಹಾಕಿದ್ರೆ ಪರ್ಸನಾಲಿಟಿ ಟೆಸ್ಟ್ ಕೊಡ್ತಾರೆ, ಕೈಲಿರೋ ವಾಚ್ ನಿಮ್ಮ ಸ್ಟ್ರೆಸ್ ಇಷ್ಟು ಅಂತ ನಂಬರ್ ತೋರಿಸುತ್ತೆ, ಯಾವುದೋ ಆ್ಯಪ್ ನಾಲ್ಕು ಪ್ರಶ್ನೆ ಕೇಳಿ ನಿಮಗೆ ಡಿಪ್ರೆಶನ್ ಇರಬಹುದು ಅನ್ನುತ್ತೆ. ಇವೆಲ್ಲದರ ಹಿಂದೆ ಇರೋದು ಬಹಳಷ್ಟು ಜನರನ್ನ ಅಳೆದು ತೆಗೆದ ಲೆಕ್ಕ, ಆದ್ರೆ ಅದನ್ನ ತಂದು ಅಂಟಿಸೋದು ಒಬ್ಬ ಮನುಷ್ಯನಿಗೆ.

ಸಾವಿರ ಜನರಿಂದ ಒಬ್ಬರಿಗೆ ಹಾರೋ ಈ ಜಾಗದಲ್ಲೇ ಸೈಕಾಲಜಿಯ ಹಳೇ ಜಗಳ ಒಂದಿದೆ, ನೂರು ವರ್ಷಕ್ಕೂ ಮೇಲಿನದು. ಎಲ್ಲರಿಗೂ ಹೊಂದೋ ನಿಯಮ ಹುಡುಕಬೇಕಾ, ಇಲ್ಲಾ ಒಬ್ಬೊಬ್ಬರನ್ನೇ ಕೂತು ಅರ್ಥ ಮಾಡ್ಕೋಬೇಕಾ? ಕೇಳೋಕೆ ಪಂಡಿತರ ತಲೆಬಿಸಿ ಥರ ಅನ್ಸುತ್ತೆ, ಆದ್ರೆ ಇದು ಅರ್ಥವಾದ್ರೆ ಆ ಸುದ್ದಿಗಳನ್ನ ಓದೋ ರೀತಿನೇ ಬದಲಾಗುತ್ತೆ.

ಎರಡು ದಾರಿ ಅಂದ್ರೆ ಏನು

ಮೊದಲನೇ ದಾರಿಗೆ ನೋಮೋಥೆಟಿಕ್ ಅಂತ ಹೆಸರು. ತುಂಬಾ ಜನರನ್ನ ಒಂದೇ ಅಳತೆಗೋಲಲ್ಲಿ ಅಳೆದು, ಎಲ್ಲರಿಗೂ ಅಥವಾ ಬಹುಪಾಲು ಜನರಿಗೆ ಹೊಂದೋ ಸಾಮಾನ್ಯ ನಿಯಮ ಹುಡುಕೋದು. ಎರಡನೇದು ಇಡಿಯೋಗ್ರಾಫಿಕ್, ಒಬ್ಬ ವ್ಯಕ್ತಿಯನ್ನ ತಗೊಂಡು ಅವನೊಳಗೆ ಯಾವುದು ಯಾವುದಕ್ಕೆ ಕಾರಣ, ಅವನ ಬದುಕಲ್ಲಿ ಏನು ಹೇಗೆ ಹೆಣೆದುಕೊಂಡಿದೆ ಅಂತ ಆಳವಾಗಿ ನೋಡೋದು. ಈ ಎರಡು ಪದಗಳನ್ನ ಜೋಡಿಯಾಗಿ ಚಲಾವಣೆಗೆ ತಂದವರು ಜರ್ಮನ್ ತತ್ವಜ್ಞಾನಿ ವಿಲ್ಹೆಲ್ಮ್ ವಿಂಡೆಲ್ಬಾಂಡ್, 1894ರಲ್ಲಿ ಸ್ಟ್ರಾಸ್‌ಬರ್ಗ್ ಯೂನಿವರ್ಸಿಟಿಯ ಒಂದು ಭಾಷಣದಲ್ಲಿ. ಅವರ ತಲೆಯಲ್ಲಿದ್ದದ್ದು ಭೌತಶಾಸ್ತ್ರದಂಥ ವಿಜ್ಞಾನಕ್ಕೂ ಇತಿಹಾಸಕ್ಕೂ ಇರೋ ವ್ಯತ್ಯಾಸ: ಒಂದು ಯಾವಾಗಲೂ ನಡೆಯೋದನ್ನ ಹೇಳುತ್ತೆ, ಇನ್ನೊಂದು ಒಂದೇ ಸಲ ನಡೆದದ್ದನ್ನ ಹೇಳುತ್ತೆ.

ಸೈಕಾಲಜಿಗೆ ಈ ಪದಗಳನ್ನ ಗಟ್ಟಿಯಾಗಿ ತಂದವರು ಅಮೆರಿಕದ ಗಾರ್ಡನ್ ಆಲ್‌ಪೋರ್ಟ್, 1937ರಲ್ಲಿ. ವ್ಯಕ್ತಿತ್ವದ ಬಗ್ಗೆ ಅಧ್ಯಯನ ಅಂತ ಹೇಳ್ಕೊಂಡು ವ್ಯಕ್ತಿಯನ್ನೇ ಕಳ್ಕೊಂಡುಬಿಟ್ರೆ ಹೇಗೆ ಅನ್ನೋದು ಅವರ ಚಿಂತೆ. ಹಾಗಂತ ಅವರು ಅಂಕಿಅಂಶದ ವಿರೋಧಿ ಆಗಿರಲಿಲ್ಲ, ಎರಡೂ ಬೇಕು ಅಂತಾನೇ ವಾದ ಮಾಡಿದ್ರು. ಸ್ವಲ್ಪ ವರ್ಷ ಆದ್ಮೇಲೆ, 1948ರಲ್ಲಿ, ಕ್ಲೈಡ್ ಕ್ಲಕ್‌ಹೋನ್ ಮತ್ತು ಹೆನ್ರಿ ಮರ್ರೆ ಇದನ್ನ ಇನ್ನೂ ಸರಳವಾಗಿ ಹೇಳಿದ್ರು, ಪ್ರತಿ ಮನುಷ್ಯನೂ ಕೆಲವು ವಿಷಯದಲ್ಲಿ ಎಲ್ಲರ ಹಾಗೆ, ಕೆಲವು ವಿಷಯದಲ್ಲಿ ಇನ್ನು ಕೆಲವರ ಹಾಗೆ, ಕೆಲವು ವಿಷಯದಲ್ಲಿ ಯಾರ ಹಾಗೂ ಇಲ್ಲ ಅಂತ. ಯಾರ ಹಾಗೂ ಇಲ್ಲದ ಆ ಮೂರನೇ ಭಾಗವನ್ನ ವಿಜ್ಞಾನ ಮುಟ್ಟಬಹುದಾ, ಮುಟ್ಟೋದಾದ್ರೆ ಹೇಗೆ ಅನ್ನೋದೇ ಇಡೀ ಗಲಾಟೆ.

ಶುರುವಲ್ಲಿ ಒಬ್ಬೊಬ್ಬರನ್ನೇ ನೋಡ್ತಿದ್ರು

ತುಂಬಾ ಜನ ಅಂದ್ಕೊಂಡಿರೋದು ದೊಡ್ಡ ಸ್ಯಾಂಪಲ್ ಇದ್ರೆ ಮಾತ್ರ ವಿಜ್ಞಾನ ಅಂತ. ಆದ್ರೆ ಪ್ರಯೋಗ ಮಾಡೋ ಸೈಕಾಲಜಿ ಹುಟ್ಟಿದಾಗ ಕಥೆ ಹಾಗಿರಲಿಲ್ಲ. ವಿಲ್ಹೆಲ್ಮ್ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಲ್ಯಾಬ್ ಶುರು ಮಾಡಿದಾಗ ಅಲ್ಲಿ ಪ್ರಯೋಗಕ್ಕೆ ಕೂರ್ತಿದ್ದವರು ಬೆರಳೆಣಿಕೆಯ ಜನ, ಬಹಳ ಸಲ ಅಲ್ಲೇ ಕೆಲಸ ಮಾಡ್ತಿದ್ದ ಸಂಶೋಧಕರೇ.

ಹರ್ಮನ್ ಎಬ್ಬಿಂಗ್‌ಹಾಸ್ ಅಂತೂ ಇನ್ನೂ ಮುಂದೆ ಹೋದ್ರು, ತಮ್ಮನ್ನ ತಾವೇ ಅಳೆದ್ರು. ಅರ್ಥವಿಲ್ಲದ ಸುಮಾರು 2300 ಪದಚೂರುಗಳನ್ನ ಮಾಡ್ಕೊಂಡು, ಅವುಗಳ ಪಟ್ಟಿ ಬಾಯಿಪಾಠ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಅದೇ ಪಟ್ಟಿನ ಮತ್ತೆ ಕಲಿಯೋಕೆ ಎಷ್ಟು ಟೈಮ್ ಉಳಿಯುತ್ತೆ ಅಂತ ಲೆಕ್ಕ ಹಾಕಿದ್ರು. 20 ನಿಮಿಷ ಆದ್ಮೇಲೆ ಸುಮಾರು 58% ಉಳಿತಾಯ, ಒಂದು ದಿನ ಆದ್ಮೇಲೆ 34% ಹತ್ರ, ಒಂದು ತಿಂಗಳಾದ್ಮೇಲೆ 21%. ಅಂದ್ರೆ ಮರೆವು ಮೊದಲ ಗಂಟೆಗಳಲ್ಲಿ ಸರ್ರನೆ ಇಳಿದು ಆಮೇಲೆ ನಿಧಾನ ಆಗುತ್ತೆ. 1885ರಲ್ಲಿ ಪ್ರಕಟವಾದ ಈ ಮರೆವಿನ ಗ್ರಾಫ್ ಇವತ್ತಿಗೂ ಪಠ್ಯಪುಸ್ತಕದಲ್ಲಿದೆ. 2015ರಲ್ಲಿ ಹಾಲೆಂಡ್‌ನ ಇಬ್ಬರು ಸಂಶೋಧಕರು ಇದೇ ಪ್ರಯೋಗವನ್ನ ಮತ್ತೆ ಮಾಡಿದ್ರು, ಆಗಲೂ ಒಬ್ಬರೇ ವ್ಯಕ್ತಿ, 70 ಗಂಟೆ ಕೂತು ಕಲಿತು ಮರೆತು ಮತ್ತೆ ಕಲಿತದ್ದು, ಗ್ರಾಫ್ ಹೆಚ್ಚುಕಮ್ಮಿ ಹಾಗೇ ಬಂತು. ಒಬ್ಬನ ಮೇಲೆ ಮಾಡಿದ ಕೆಲಸ ಎಲ್ಲರಿಗೂ ಹೊಂದೋ ನಿಯಮ ಕೊಟ್ಟ ಉದಾಹರಣೆ ಇದು. ಒಬ್ಬನ ಅಧ್ಯಯನ ಅಂದ ತಕ್ಷಣ ನಿಯಮಕ್ಕೆ ವಿರುದ್ಧ ಅಂತ ಅಂದ್ಕೊಳ್ಳೋರು ಇದನ್ನ ಗಮನಿಸಬೇಕು.

ಹಾಗಾದ್ರೆ ಸರಾಸರಿ ಎಲ್ಲಿಂದ ಬಂತು? ಬೆಲ್ಜಿಯಂನ ಅಡೋಲ್ಫ್ ಕೆಟ್ಲೆ 1835ರಲ್ಲೇ ಸರಾಸರಿ ಮನುಷ್ಯ ಅನ್ನೋ ಕಲ್ಪನೆ ಕಟ್ಟಿದ್ರು, ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಜನರ ನಡುವಿನ ವ್ಯತ್ಯಾಸಗಳನ್ನ ಅಳೆಯೋಕೆ ಶುರು ಮಾಡಿದ್ರು. ಆಮೇಲೆ ರೊನಾಲ್ಡ್ ಫಿಶರ್, ರೋಥಮ್‌ಸ್ಟೆಡ್ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದಾಗ ಬೆಳೆ, ಗೊಬ್ಬರದ ಪ್ರಯೋಗಗಳಿಗಾಗಿ ಲೆಕ್ಕದ ವಿಧಾನಗಳನ್ನ ಬೆಳೆಸಿ 1925ರಲ್ಲಿ ಪುಸ್ತಕ ಮಾಡಿದ್ರು, ಅದೇ ವಿಧಾನಗಳು ಸೈಕಾಲಜಿಗೂ ಬಂದ್ವು. ಈ ತುಂಡು ಭೂಮಿಗೆ ಗೊಬ್ಬರ ಹಾಕಿ ಆ ತುಂಡಿಗೆ ಹಾಕದೆ ಸರಾಸರಿ ಇಳುವರಿ ಹೋಲಿಸಿದ ಹಾಗೆ, ಈ ಗುಂಪಿಗೆ ಚಿಕಿತ್ಸೆ ಕೊಟ್ಟು ಆ ಗುಂಪಿಗೆ ಕೊಡದೆ ಸರಾಸರಿ ಅಂಕ ಹೋಲಿಸೋದು. ರೈತನಿಗೆ ಒಟ್ಟು ಇಳುವರಿ ಮುಖ್ಯ, ಒಂದೊಂದು ತೆನೆಯ ಗತಿ ಏನಾಯ್ತು ಅಂತ ಕೇಳೋ ಅವಶ್ಯಕತೆ ಇಲ್ಲ. ಮನುಷ್ಯರ ವಿಷಯದಲ್ಲಿ ಆ ಅವಶ್ಯಕತೆ ಇದೆ.

ಗುಂಪಿನ ಲೆಕ್ಕ ಯಾಕೆ ಗೆದ್ದಿತು

ಗೆಲ್ಲೋಕೆ ಒಳ್ಳೇ ಕಾರಣಗಳೇ ಇದ್ವು. ಒಬ್ಬ ಮನುಷ್ಯನನ್ನ ಒಂದು ದಿನ ಅಳೆದ್ರೆ ಅವತ್ತಿನ ಮೂಡು, ನಿದ್ದೆ, ಗಮನ ಎಲ್ಲಾ ಸೇರಿ ಅಳತೆಯಲ್ಲಿ ಏರುಪೇರು ಬರುತ್ತೆ, ನೂರು ಜನರನ್ನ ಅಳೆದ್ರೆ ಈ ಏರುಪೇರುಗಳು ಒಂದನ್ನೊಂದು ಹೊಡೆದುಹಾಕಿ ಕೊನೆಗೆ ಉಳಿಯೋದು ನಿಜವಾದ ಪರಿಣಾಮ. ಇನ್ನೊಂದು, ಯಾರಿಗೆ ಚಿಕಿತ್ಸೆ ಯಾರಿಗಿಲ್ಲ ಅಂತ ಚೀಟಿ ಎತ್ತಿದ ಹಾಗೆ ಹಂಚಿದ್ರೆ, ಕೊನೆಗೆ ಕಂಡ ವ್ಯತ್ಯಾಸಕ್ಕೆ ಚಿಕಿತ್ಸೆನೇ ಕಾರಣ ಅಂತ ಧೈರ್ಯವಾಗಿ ಹೇಳಬಹುದು.

ವ್ಯಕ್ತಿತ್ವದ ಅಧ್ಯಯನದಲ್ಲೂ ಹೀಗೇ. 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಇಂಗ್ಲಿಷ್ ಡಿಕ್ಷನರಿ ಜಾಲಾಡಿ ಮನುಷ್ಯರನ್ನ ಬಣ್ಣಿಸೋ ಸುಮಾರು 18,000 ಪದ ಹೆಕ್ಕಿದ್ರು. ಮುಂದಿನ ದಶಕಗಳಲ್ಲಿ ಬೇರೆಬೇರೆ ಸಂಶೋಧಕರು ಅಂಥ ಪದಗಳನ್ನ ಹಿಡ್ಕೊಂಡು ಸಾವಿರಾರು ಜನರಿಗೆ ಪ್ರಶ್ನಾವಳಿ ಕೊಟ್ಟು ಯಾವ ಗುಣಗಳು ಜೊತೆಜೊತೆಯಲ್ಲಿ ಬರ್ತವೆ ಅಂತ ಲೆಕ್ಕ ಹಾಕ್ತಾ ಹೋಗಿ ಕೊನೆಗೆ ಐದು ದೊಡ್ಡ ಗುಣಗಳಿಗೆ ಬಂದು ನಿಂತ್ರು, ಅದೇ ಬಿಗ್ ಫೈವ್. ಎಲ್ಲರೊಂದಿಗೆ ಬೆರೆಯೋ ಸ್ವಭಾವ, ಹೊಂದಿಕೊಂಡು ಹೋಗೋದು, ಅಚ್ಚುಕಟ್ಟುತನ, ಬೇಗ ಆತಂಕಪಡೋದು, ಹೊಸದಕ್ಕೆ ತೆರೆದ ಮನಸ್ಸು, ಇವು ಐದು. ಆಫೀಸುಗಳಲ್ಲಿ ಕೊಡೋ ಎಷ್ಟೋ ಟೆಸ್ಟುಗಳ ಬೇರು ಇಲ್ಲಿದೆ. ಗಮನಿಸಿ, ಇಲ್ಲಿ ಐದು ಅನ್ನೋದು ಜನರ ನಡುವಿನ ವ್ಯತ್ಯಾಸದ ನಕ್ಷೆ. ಒಬ್ಬ ವ್ಯಕ್ತಿಯ ಒಳಗೆ ಐದು ಭಾಗ ಇದೆ ಅಂತ ಇದರಿಂದ ಸಾಬೀತಾಗಲ್ಲ.

ಸರಾಸರಿ ಮನುಷ್ಯನನ್ನ ಹುಡುಕಿದಾಗ

ಅಮೆರಿಕದ ಏರ್ ಫೋರ್ಸ್ ಕಾಕ್‌ಪಿಟ್‌ಗಳನ್ನ ಸರಾಸರಿ ಪೈಲಟ್‌ನ ಅಳತೆಗೆ ಮಾಡಿಸ್ತಿತ್ತು. ಅಲ್ಲಿ ಕೆಲಸ ಮಾಡ್ತಿದ್ದ ಗಿಲ್ಬರ್ಟ್ ಡೇನಿಯಲ್ಸ್ 4,063 ಪೈಲಟ್‌ಗಳ ಮೈ ಅಳತೆ ತಗೊಂಡು ಒಂದು ಸರಳ ಪ್ರಶ್ನೆ ಕೇಳಿದ್ರು. ಎತ್ತರ, ಎದೆ ಸುತ್ತಳತೆ, ತೋಳಿನ ಉದ್ದ ಥರದ ಹತ್ತು ಅಳತೆಗಳಲ್ಲೂ ಸರಾಸರಿಯ ಆಸುಪಾಸಲ್ಲಿ, ಅಂದ್ರೆ ನಡುವಿನ 30% ಒಳಗೆ ಬರೋರು ಎಷ್ಟು ಜನ? ಒಬ್ಬರೂ ಇರಲಿಲ್ಲ. ಇದು 1952ರ ವರದಿ. ಆಮೇಲೆ ಸೀಟು, ಪೆಡಲ್ಲು ಎಲ್ಲಾ ಹೊಂದಿಸ್ಕೊಳ್ಳೋ ಹಾಗೆ ಮಾಡೋದೇ ದಾರಿ ಆಯ್ತು.

ಮೈಗೇ ಹೀಗಾದ್ರೆ ಮನಸ್ಸಿಗೆ? ಡಿಪ್ರೆಶನ್ ತಗೊಳ್ಳಿ. ಡಾಕ್ಟರ್‌ಗಳು ಬಳಸೋ ಅಮೆರಿಕನ್ ಕೈಪಿಡಿ ಪ್ರಕಾರ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಇರಬೇಕು, ಅದರಲ್ಲಿ ಬೇಸರದ ಮನಸ್ಥಿತಿ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರೋದು ಇವೆರಡರಲ್ಲಿ ಒಂದಾದ್ರೂ ಇರಲೇಬೇಕು. ಹಾಗಂದ್ರೆ ಒಬ್ಬರಿಗೆ ನಿದ್ದೆ ಬರಲ್ಲ, ಊಟ ಸೇರಲ್ಲ, ಇನ್ನೊಬ್ಬರು ಹಗಲೂ ರಾತ್ರಿ ನಿದ್ದೆ ಮಾಡ್ತಾರೆ, ವಿಪರೀತ ತಿಂತಾರೆ, ಇಬ್ಬರ ಚೀಟಿಯಲ್ಲೂ ಬರೆಯೋ ಹೆಸರು ಒಂದೇ. 2015ರಲ್ಲಿ ಐಕೊ ಫ್ರೀಡ್ ಮತ್ತು ರ‍್ಯಾಂಡಾಲ್ಫ್ ನೆಸ್ ಅನ್ನೋ ಸಂಶೋಧಕರು ಡಿಪ್ರೆಶನ್ ಇದ್ದ 3,703 ಜನರ ದಾಖಲೆ ತೆಗೆದು ನೋಡಿದಾಗ 1,030 ಬೇರೆಬೇರೆ ಲಕ್ಷಣಗಳ ಜೋಡಣೆ ಸಿಕ್ತು. ಈ ಗುಂಪಿಗೆ ಸರಾಸರಿಯಲ್ಲಿ ಇಷ್ಟು ಗುಣ ಆಯ್ತು ಅಂತ ಹೇಳೋದು ಸುಳ್ಳಲ್ಲ, ಆದ್ರೆ ಆ ಸಂಖ್ಯೆಯೊಳಗೆ ಪೂರ್ತಿ ಗುಣ ಆದವರು, ಏನೂ ಬದಲಾಗದವರು, ಇನ್ನೂ ಹದಗೆಟ್ಟವರು ಎಲ್ಲರೂ ಕರಗಿಹೋಗಿರ್ತಾರೆ.

ಕಲಿಕೆಯ ಗ್ರಾಫಲ್ಲೂ ಇದೇ ಆಗುತ್ತೆ. ಪುಸ್ತಕದಲ್ಲಿ ನೋಡಿದ್ರೆ ಕಲಿಕೆ ಅನ್ನೋದು ನುಣುಪಾಗಿ ನಿಧಾನಕ್ಕೆ ಮೇಲೇರೋ ಗೆರೆ. 2004ರಲ್ಲಿ ಚಾರ್ಲ್ಸ್ ಗ್ಯಾಲಿಸ್ಟೆಲ್ ಮತ್ತು ಜೊತೆಗಾರರು ಪ್ರಾಣಿಗಳ ಪ್ರಯೋಗದ ಡೇಟಾವನ್ನ ಒಂದೊಂದೇ ಪ್ರಾಣಿಯ ಲೆಕ್ಕದಲ್ಲಿ ಬಿಡಿಸಿ ನೋಡಿದ್ರು. ಬಹಳಷ್ಟು ಪ್ರಾಣಿಗಳಲ್ಲಿ ಕಲಿಕೆ ಮೆಟ್ಟಿಲು ಹತ್ತಿದ ಹಾಗೆ ಇತ್ತು, ಸ್ವಲ್ಪ ಕಾಲ ಏನೂ ಇಲ್ಲ, ಆಮೇಲೆ ದಿಢೀರ್ ಅಂತ ಮೇಲೆ. ಒಂದೊಂದು ಒಂದೊಂದು ಹೊತ್ತಿಗೆ ಮೆಟ್ಟಿಲು ಹತ್ತೋದ್ರಿಂದ ಎಲ್ಲದರ ಸರಾಸರಿ ತೆಗೆದಾಗ ನುಣುಪು ಗೆರೆ ಬರುತ್ತೆ. ಆ ಗೆರೆಯ ಹಾಗೆ ಕಲಿತದ್ದು ಹೆಚ್ಚುಕಮ್ಮಿ ಯಾವ ಪ್ರಾಣಿಯೂ ಅಲ್ಲ.

ಒಬ್ಬರನ್ನೇ ನೋಡಿ ಕಲಿತದ್ದು

1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೇಸನ್ ಅನ್ನೋ 27 ವರ್ಷದ ಯುವಕನಿಗೆ ತೀವ್ರ ಫಿಟ್ಸ್ ತಡೆಯೋಕೆ ಅಂತ ಮೆದುಳಿನ ಆಪರೇಷನ್ ಆಯ್ತು, ಸರ್ಜನ್ ವಿಲಿಯಂ ಸ್ಕೋವಿಲ್ ಎರಡೂ ಕಡೆಯಿಂದ ಹಿಪ್ಪೊಕ್ಯಾಂಪಸ್ ಅನ್ನೋ ಮೆದುಳಿನ ಒಳಭಾಗವನ್ನ ಬಹುಪಾಲು ತೆಗೆದುಹಾಕಿದ್ರು. ಫಿಟ್ಸ್ ಕಮ್ಮಿ ಆಯ್ತು, ಆದ್ರೆ ಹೊಸ ನೆನಪು ನಿಲ್ಲೋದೇ ನಿಂತುಹೋಯ್ತು. ಪುಸ್ತಕಗಳಲ್ಲಿ ಅವನು ಬದುಕಿರೋ ತನಕ ಎಚ್.ಎಂ. ಅನ್ನೋ ಎರಡಕ್ಷರವಾಗಿಯೇ ಇದ್ದ, 2008ರಲ್ಲಿ ತೀರಿಕೊಂಡ ಮೇಲೆ ಹೆಸರು ಹೊರಗೆ ಬಂತು.

ಕೆನಡಾದ ಬ್ರೆಂಡಾ ಮಿಲ್ನರ್ ಅವನಿಗೆ ಒಂದು ಕೆಲಸ ಕೊಟ್ರು. ಕಾಗದದ ಮೇಲೆ ಜೋಡಿ ಗೆರೆಯಲ್ಲಿ ಬರೆದ ನಕ್ಷತ್ರ, ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು, ಆದ್ರೆ ಕೈಯನ್ನ ನೇರವಾಗಿ ನೋಡೋ ಹಾಗಿಲ್ಲ, ಕನ್ನಡಿಯಲ್ಲಿ ಕಾಣೋದನ್ನ ಮಾತ್ರ ನೋಡಬೇಕು. ಯಾರೇ ಮಾಡಿದ್ರೂ ಮೊದಮೊದಲು ಪೆನ್ಸಿಲ್ ತಪ್ಪು ದಿಕ್ಕಿಗೇ ಹೋಗುತ್ತೆ, ಮೂಲೆ ಬಂದಾಗ ಕೈ ಸಿಕ್ಕಿಹಾಕ್ಕೊಳ್ಳುತ್ತೆ. ಮೂರು ದಿನ ಈ ಅಭ್ಯಾಸ ನಡೀತು. ಪ್ರತಿ ದಿನ ಹೆನ್ರಿಗೆ ಇದು ಹೊಚ್ಚಹೊಸ ಕೆಲಸ, ಮುಂಚೆ ಮಾಡಿದ ನೆನಪೇ ಇಲ್ಲ. ಆದ್ರೆ ತಪ್ಪುಗಳು ದಿನದಿಂದ ದಿನಕ್ಕೆ ಇಳೀತಾ ಹೋದ್ವು. ಅವನಿಗೆ ಗೊತ್ತಿಲ್ಲದ್ದು ಅವನ ಕೈಗೆ ಗೊತ್ತಿತ್ತು. ನೆನಪು ಅನ್ನೋದು ಒಂದೇ ವಸ್ತು ಅಲ್ಲ, ಘಟನೆಗಳ ನೆನಪು ಬೇರೆ, ಕೌಶಲದ ನೆನಪು ಬೇರೆ ಅನ್ನೋ ತಿಳುವಳಿಕೆಗೆ ಇದು ದೊಡ್ಡ ಆಧಾರ ಆಯ್ತು. ಸಾವಿರ ಜನರಿಗೆ ನೆನಪಿನ ಪರೀಕ್ಷೆ ಕೊಟ್ಟು ಸರಾಸರಿ ತೆಗೆದಿದ್ರೆ ಇದು ಕಾಣ್ತಿರಲಿಲ್ಲ, ಯಾಕಂದ್ರೆ ನಮ್ಮೆಲ್ಲರಲ್ಲೂ ಈ ಎರಡೂ ಒಟ್ಟಿಗೇ ಕೆಲಸ ಮಾಡ್ತಿರ್ತವೆ.

ಆಲ್‌ಪೋರ್ಟ್ ಮಾಡಿದ್ದು ಇನ್ನೊಂದು ಬಗೆಯದು. ಜೆನ್ನಿ ಅಂತ ಅವರು ಹೆಸರು ಬದಲಿಸಿ ಕರೆದ ಒಬ್ಬ ವಯಸ್ಸಾದ ಹೆಂಗಸು ತನ್ನ ಮಗನ ಹಳೇ ರೂಮ್‌ಮೇಟ್ ಮತ್ತವನ ಹೆಂಡತಿಗೆ 1926ರಿಂದ 1937ರ ತನಕ 301 ಪತ್ರ ಬರೆದಿದ್ಲು. ಆಲ್‌ಪೋರ್ಟ್ ಅದನ್ನ 36 ಜನರಿಗೆ ಓದೋಕೆ ಕೊಟ್ಟು ಈಕೆಯ ಗುಣಗಳನ್ನ ನಿಮ್ಮದೇ ಮಾತಲ್ಲಿ ಬರೀರಿ ಅಂದ್ರು, 198 ಪದ ಬಂತು, ಅವನ್ನ ಒಟ್ಟುಮಾಡಿದಾಗ ಎಂಟು ಗುಂಪು ಆಯ್ತು: ಜಗಳಗಂಟಿ ಮತ್ತು ಸಂಶಯದ ಸ್ವಭಾವ, ತನ್ನದೇ ಮುಖ್ಯ ಅನ್ನೋದು, ಸ್ವತಂತ್ರ ಮನೋಭಾವ, ಕಲೆಯ ಒಲವು, ಹೀಗೆ. ಆಮೇಲೆ ಜೆಫ್ರಿ ಪೇಜ್ ಅನ್ನೋರು ಅದೇ ಪತ್ರಗಳನ್ನ ಕಂಪ್ಯೂಟರ್‌ಗೆ ಹಾಕಿ ಯಾವ ಪದಗಳು ಜೊತೆಗೆ ಬರ್ತವೆ ಅಂತ ಲೆಕ್ಕ ಹಾಕಿಸಿದಾಗಲೂ ಸಿಕ್ಕ ಗುಂಪುಗಳು ಬಹುಮಟ್ಟಿಗೆ ಹೊಂದಿಕೊಂಡ್ವು. ಇದು 1960ರ ದಶಕದ ಕೆಲಸ. ಒಬ್ಬರ ಅಧ್ಯಯನ ಅಂದ್ರೆ ಬರೀ ಕಥೆ ಹೇಳೋದು ಅಂತ ಆಕ್ಷೇಪ ಇತ್ತಲ್ಲ, ಅದಕ್ಕೆ ಇದು ಒಳ್ಳೇ ಉತ್ತರ, ಲೆಕ್ಕ ಇಲ್ಲೂ ಇದೆ, ಆದ್ರೆ ಒಬ್ಬಳ ಒಳಗಿನ ಲೆಕ್ಕ.

ಟೈಪಿಂಗ್ ಲೆಕ್ಕ: ಇಡೀ ವಿಷಯದ ಗಂಟು ಇಲ್ಲಿದೆ

ಡಚ್ ಸಂಶೋಧಕಿ ಎಲೆನ್ ಹಾಮಾಕರ್ ಕೊಡೋ ಒಂದು ಉದಾಹರಣೆ ನನಗೆ ಎಲ್ಲಕ್ಕಿಂತ ಚೆನ್ನಾಗಿ ಅರ್ಥ ಮಾಡಿಸ್ತು. ತುಂಬಾ ಜನರನ್ನ ಕೂರಿಸಿ ಟೈಪ್ ಮಾಡಿಸಿ, ಯಾರ ಸ್ಪೀಡ್ ಎಷ್ಟು ಯಾರದ್ದು ತಪ್ಪು ಎಷ್ಟು ಅಂತ ಬರ್ಕೊಳ್ಳಿ. ಫಾಸ್ಟ್ ಆಗಿ ಟೈಪ್ ಮಾಡೋರದ್ದೇ ತಪ್ಪು ಕಮ್ಮಿ ಇರುತ್ತೆ, ಯಾಕಂದ್ರೆ ಅವರಿಗೆ ಅಭ್ಯಾಸ ಇದೆ, ಎರಡು ಬೆರಳಲ್ಲಿ ಹುಡುಕಿ ಹುಡುಕಿ ಒತ್ತೋರು ನಿಧಾನವೂ ಹೌದು ತಪ್ಪೂ ಜಾಸ್ತಿ. ಈಗ ಇದನ್ನೇ ನಿಯಮ ಅಂತ ಹಿಡ್ಕೊಂಡು ಒಬ್ಬನ ಹತ್ರ ಹೋಗಿ, ನಿನ್ನ ತಪ್ಪು ಕಮ್ಮಿ ಆಗ್ಬೇಕಾ, ಹಾಗಾದ್ರೆ ಇನ್ನೂ ಸ್ಪೀಡಾಗಿ ಟೈಪ್ ಮಾಡು ಅಂದ್ರೆ? ತಪ್ಪು ಜಾಸ್ತಿಯೇ ಆಗುತ್ತೆ. ಒಬ್ಬ ಮನುಷ್ಯನೊಳಗೆ ಸ್ಪೀಡ್ ಏರಿದ್ರೆ ತಪ್ಪೂ ಏರುತ್ತೆ, ಜನರ ನಡುವೆ ನೋಡಿದ್ರೆ ಸ್ಪೀಡ್ ಇರೋ ಕಡೆ ತಪ್ಪು ಕಮ್ಮಿ. ಎರಡೂ ನಿಜ, ದಿಕ್ಕು ಮಾತ್ರ ಪೂರ್ತಿ ಉಲ್ಟಾ.

ವ್ಯಾಯಾಮ ಮತ್ತು ಬಿಪಿ ಕೂಡ ಇದೇ ಥರ, ದಿನಾ ವ್ಯಾಯಾಮ ಮಾಡೋರ ಬಿಪಿ ಸಾಮಾನ್ಯವಾಗಿ ಕಮ್ಮಿ ಇರುತ್ತೆ, ಆದ್ರೆ ವ್ಯಾಯಾಮ ಮಾಡ್ತಿರೋ ಆ ಹೊತ್ತಲ್ಲಿ ಅದೇ ಮನುಷ್ಯನ ಬಿಪಿ ಏರುತ್ತೆ.

ಇದನ್ನ ಸಂಶೋಧಕರು ಜನರ ನಡುವಿನ ಸಂಬಂಧ ಮತ್ತು ವ್ಯಕ್ತಿಯೊಳಗಿನ ಸಂಬಂಧ ಅಂತ ಬೇರೆ ಮಾಡ್ತಾರೆ. ಮೊದಲನೇದು ಒಂದೇ ಕ್ಷಣದಲ್ಲಿ ಸಾವಿರ ಜನರ ಫೋಟೋ ತೆಗೆದ ಹಾಗೆ, ಎರಡನೇದು ಒಬ್ಬನ ಬಹಳ ದಿನಗಳ ವಿಡಿಯೋ ಹಾಗೆ. ಫೋಟೋ ನೋಡಿ ವಿಡಿಯೋದಲ್ಲಿ ಏನಾಗುತ್ತೆ ಅಂತ ಹೇಳಬಹುದಾ? ಕೆಲವು ಷರತ್ತು ಇದ್ರೆ ಹೇಳಬಹುದು, ಎಲ್ಲರೂ ಒಂದೇ ಮಾದರಿಯಲ್ಲಿ ಬದಲಾಗ್ತಿರಬೇಕು ಮತ್ತು ಆ ಮಾದರಿ ಕಾಲದ ಜೊತೆ ಬದಲಾಗಬಾರದು. ಗಣಿತದಲ್ಲಿ ಇದಕ್ಕೆ ಎರ್ಗೋಡಿಕ್ ಅನ್ನೋ ಹೆಸರಿದೆ, ಭೌತಶಾಸ್ತ್ರದಿಂದ ಬಂದ ವಿಚಾರ. ಮನುಷ್ಯರು ಕಲೀತಾರೆ, ಬೆಳೀತಾರೆ, ಮುದುಕರಾಗ್ತಾರೆ, ಒಬ್ಬರಿಗೆ ಒಂಟಿತನ ಬೇಸರ ತಂದ್ರೆ ಇನ್ನೊಬ್ಬರಿಗೆ ನೆಮ್ಮದಿ ತರುತ್ತೆ, ಈ ಎರಡು ಷರತ್ತೂ ನಿಲ್ಲೋದು ಕಷ್ಟ. 2004ರಲ್ಲಿ ಪೀಟರ್ ಮೊಲೆನಾರ್ ಇದನ್ನೇ ಗಣಿತದ ಮೂಲಕ ವಾದ ಮಾಡಿ, ವೈಜ್ಞಾನಿಕ ಸೈಕಾಲಜಿಗೆ ವ್ಯಕ್ತಿಯನ್ನ ವಾಪಸ್ ತರಬೇಕು ಅಂತ ಬರೆದ್ರು. ಆಲ್‌ಪೋರ್ಟ್ ಕಾಲದಲ್ಲಿ ತತ್ವದ ಚರ್ಚೆ ಆಗಿದ್ದದ್ದು ಇಲ್ಲಿಗೆ ಬಂದು ಲೆಕ್ಕದ ಪ್ರಶ್ನೆ ಆಯ್ತು.

2018ರಲ್ಲಿ ಆರನ್ ಫಿಶರ್ ಮತ್ತು ಇಬ್ಬರು ಸಹೋದ್ಯೋಗಿಗಳು ಆರು ಅಧ್ಯಯನಗಳ ಡೇಟಾ ತಗೊಂಡು ಗುಂಪಿನ ಲೆಕ್ಕವನ್ನೂ ಒಬ್ಬೊಬ್ಬರ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರು. ಹರಡಿಕೆ, ಅಂದ್ರೆ ಅಳತೆಗಳು ಸರಾಸರಿಯಿಂದ ಎಷ್ಟು ಆಚೀಚೆ ಹೋಗ್ತವೆ ಅನ್ನೋದು, ವ್ಯಕ್ತಿಗಳೊಳಗೆ ಗುಂಪಿನದ್ದಕ್ಕಿಂತ ಎರಡರಿಂದ ನಾಲ್ಕು ಪಟ್ಟು ದೊಡ್ಡದಿತ್ತು. ಅಂದ್ರೆ ಗುಂಪಿನ ಸಂಖ್ಯೆ ನೋಡಿ ಒಬ್ಬ ವ್ಯಕ್ತಿಯ ಬಗ್ಗೆ ನಮಗೆ ಎಷ್ಟು ಖಚಿತವಾಗಿ ಗೊತ್ತು ಅಂದ್ಕೊಂಡಿರ್ತೀವೋ ಅಷ್ಟು ಗೊತ್ತಿರಲ್ಲ.

ಹಾಗಂತ ನಿಯಮಗಳನ್ನ ಎಸೆದುಬಿಡೋಣ್ವಾ?

ಬೇಡ, ಯಾಕಂದ್ರೆ ಇನ್ನೊಂದು ಕಡೆಯ ಸಾಕ್ಷಿ ಅಷ್ಟೇ ಬಲವಾಗಿದೆ. 1954ರಲ್ಲಿ ಅಮೆರಿಕದ ಸೈಕಾಲಜಿಸ್ಟ್ ಪಾಲ್ ಮೀಲ್ ಒಂದು ಹೋಲಿಕೆ ಮಾಡಿದ್ರು. ಒಬ್ಬ ರೋಗಿ ಅಥವಾ ವಿದ್ಯಾರ್ಥಿ ಮುಂದೆ ಹೇಗಾಗ್ತಾನೆ ಅಂತ ಅನುಭವಸ್ಥ ತಜ್ಞರು ಅವನನ್ನ ಭೇಟಿಯಾಗಿ ಮಾತಾಡಿಸಿ ಹೇಳೋದು ಒಂದು, ಬರೀ ಕೆಲವು ಸಂಖ್ಯೆ ಹಾಕಿ ಸೂತ್ರದಿಂದ ಹೇಳೋದು ಇನ್ನೊಂದು. ಯಾವುದು ಹೆಚ್ಚು ಸರಿ? ಸುಮಾರು 20 ಅಧ್ಯಯನ ನೋಡಿದ್ರು, ಹೆಚ್ಚುಕಮ್ಮಿ ಎಲ್ಲದರಲ್ಲೂ ಸೂತ್ರ ತಜ್ಞರಷ್ಟೇ ಅಥವಾ ಅವರಿಗಿಂತ ಚೆನ್ನಾಗಿತ್ತು. 2000ನೇ ಇಸವಿಯಲ್ಲಿ 136 ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗಲೂ ಸೂತ್ರ ಹೇಳಿದ ಭವಿಷ್ಯ ಸರಾಸರಿ ಸುಮಾರು 10% ಹೆಚ್ಚು ನಿಖರ ಅಂತ ಬಂತು. ನಾನು ಈ ಮನುಷ್ಯನನ್ನ ಚೆನ್ನಾಗಿ ಬಲ್ಲೆ ಅನ್ನೋ ಭಾವನೆ ನಮ್ಮನ್ನ ಸುಲಭವಾಗಿ ದಾರಿ ತಪ್ಪಿಸುತ್ತೆ, ಕಣ್ಣಿಗೆ ಎದ್ದು ಕಾಣೋ ಒಂದು ವಿವರಕ್ಕೆ ಅತಿಯಾಗಿ ಬೆಲೆ ಕೊಟ್ಟುಬಿಡ್ತೀವಿ, ಅದಕ್ಕೇ.

ಆದ್ರೆ ಸೂತ್ರದ ಮಿತಿಯನ್ನೂ ಮೀಲ್ ಅವರೇ ಹೇಳಿದ್ರು. ಒಬ್ಬ ಪ್ರೊಫೆಸರ್ ವಾರಾವಾರಾ ತಪ್ಪದೆ ಸಿನಿಮಾಗೆ ಹೋಗ್ತಾರೆ ಅಂತಿಟ್ಕೊಳ್ಳಿ, ಸೂತ್ರ ಈ ವಾರಾನೂ ಹೋಗ್ತಾರೆ ಅನ್ನುತ್ತೆ. ಆದ್ರೆ ಅವರ ಕಾಲು ಮುರಿದಿದೆ ಅನ್ನೋದು ನಮಗೆ ಗೊತ್ತು. ಆಗ ಸೂತ್ರ ಪಕ್ಕಕ್ಕಿಡಬೇಕು. ಕಷ್ಟ ಏನಂದ್ರೆ ಕಾಲು ಮುರಿದಂಥ ಸ್ಪಷ್ಟ ಕಾರಣಗಳು ಅಪರೂಪ, ನಾವು ಮಾತ್ರ ಎಲ್ಲಾ ಕಡೆ ಮುರಿದ ಕಾಲನ್ನೇ ಕಾಣ್ತೀವಿ.

ಇನ್ನು ಸಾಮಾನ್ಯ ನಿಯಮ ಅಂತ ಕರೆಯೋದೆಲ್ಲ ನಿಜಕ್ಕೂ ಸಾಮಾನ್ಯವಾ ಅನ್ನೋದೂ ಒಂದು ಪ್ರಶ್ನೆ. ಸೈಕಾಲಜಿಯ ಮುಖ್ಯ ಪತ್ರಿಕೆಗಳನ್ನ ಪರಿಶೀಲಿಸಿ ಜೆಫ್ರಿ ಆರ್ನೆಟ್ 2008ರಲ್ಲಿ ತೋರಿಸಿದ ಹಾಗೆ ಅಧ್ಯಯನದಲ್ಲಿದ್ದವರಲ್ಲಿ ಸುಮಾರು 96% ಜನ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು, ಆ ದೇಶಗಳಲ್ಲಿ ಇರೋದು ಜಗತ್ತಿನ ಸುಮಾರು 12% ಜನ ಮಾತ್ರ. ಒಬ್ಬರಿಂದ ಎಲ್ಲರಿಗೆ ಹಾರೋದು ತಪ್ಪು ಅನ್ನೋರು ಈ ಹಾರಾಟವನ್ನೂ ಲೆಕ್ಕಕ್ಕೆ ತಗೋಬೇಕು.

ಸುದ್ದಿ ಓದುವಾಗ ಇದನ್ನ ಹೇಗೆ ಬಳಸೋದು

ಸಂಶೋಧನೆಯ ಸುದ್ದಿ ಬಂದಾಗ ಹೋಲಿಕೆ ಯಾರ ಯಾರ ಮಧ್ಯೆ ಅಂತ ಮೊದಲು ನೋಡಿ. ಜಾಸ್ತಿ ಫೋನ್ ನೋಡೋರನ್ನ ಕಮ್ಮಿ ನೋಡೋರ ಜೊತೆ ಹೋಲಿಸಿದ್ರೆ ಅದು ಜನರ ನಡುವಿನ ಲೆಕ್ಕ, ನೀವು ಇವತ್ತು ಫೋನ್ ಕಮ್ಮಿ ಮಾಡಿದ್ರೆ ನಿಮ್ಮ ಬೇಜಾರು ಇಳಿಯುತ್ತಾ ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ, ಬೇಜಾರಾದಾಗಲೇ ನೀವು ಫೋನ್ ಹಿಡೀತಿರಬಹುದು. ಅದೇ ಜನರನ್ನ ತುಂಬಾ ದಿನ ಮತ್ತೆಮತ್ತೆ ಅಳೆದಿದ್ರೆ, ಫೋನ್ ಜಾಸ್ತಿ ನೋಡಿದ ದಿನವನ್ನ ಅದೇ ವ್ಯಕ್ತಿಯ ಕಮ್ಮಿ ನೋಡಿದ ದಿನದ ಜೊತೆ ಹೋಲಿಸಿದ್ರೆ, ಆಗ ನಿಮ್ಮ ಪ್ರಶ್ನೆಗೆ ಹತ್ತಿರ ಬಂದಿದೆ. ಪ್ರಯೋಗ ಆಗಿದ್ರೆ, ಅಂದ್ರೆ ಜನರನ್ನ ಎರಡು ಗುಂಪಿಗೆ ಹಂಚಿ ಒಂದು ಗುಂಪಿಗೆ ಫೋನ್ ಕಮ್ಮಿ ಮಾಡಿಸಿದ್ರೆ, ಕಾರಣ ಯಾವುದು ಅಂತ ಗೊತ್ತಾಗುತ್ತೆ, ಆದ್ರೆ ಅದೂ ಸರಾಸರಿಯ ಕಾರಣವೇ.

ಸರಾಸರಿ ಸಾಕಾಗೋ ಜಾಗಗಳೂ ಇವೆ. ಸರ್ಕಾರ ಯಾವ ಕಾರ್ಯಕ್ರಮಕ್ಕೆ ಹಣ ಹಾಕಬೇಕು, ಡಾಕ್ಟರ್ ಮೊದಲು ಯಾವ ಔಷಧಿ ಕೊಟ್ಟು ನೋಡಬೇಕು, ಇಲ್ಲೆಲ್ಲ ಗುಂಪಿನ ಲೆಕ್ಕವೇ ಸರಿಯಾದ ಶುರು. ಆ ಔಷಧಿ ಈ ರೋಗಿಗೆ ಕೆಲಸ ಮಾಡ್ತಿದೆಯಾ ಅಂತ ನೋಡೋದು ಎರಡನೇ ಹೆಜ್ಜೆ, ಅದಕ್ಕೆ ಒಬ್ಬರ ಮೇಲೇ ಮಾಡೋ ಪ್ರಯೋಗ ಇದೆ: ಸ್ವಲ್ಪ ದಿನ ಚಿಕಿತ್ಸೆ, ಸ್ವಲ್ಪ ದಿನ ಬಿಡೋದು, ಮತ್ತೆ ಚಿಕಿತ್ಸೆ, ಪ್ರತಿ ಹಂತದಲ್ಲೂ ಅಳತೆ. ವರ್ತನೆಯ ಮೇಲೆ ಕೆಲಸ ಮಾಡಿದ ಬಿ.ಎಫ್. ಸ್ಕಿನ್ನರ್ ಪರಂಪರೆಯಲ್ಲಿ ಈ ಆನ್-ಆಫ್ ವಿಧಾನ ಬಹಳ ಹಿಂದಿನಿಂದ ಇದೆ. ಎಲ್ಲದಕ್ಕೂ ಆಗಲ್ಲ, ಒಂದು ಸಲ ಕಲಿತ ಪಾಠವನ್ನ ಆಫ್ ಮಾಡೋಕಾಗಲ್ಲ, ಇನ್ನು ಕೆಲವು ಔಷಧಿಗಳನ್ನ ಡಾಕ್ಟರ್ ಹೇಳದೆ ನಿಲ್ಲಿಸೋದೇ ಅಪಾಯ.

ಈಗ ಎರಡೂ ದಾರಿ ಸೇರ್ತಿರೋ ಜಾಗ

ಒಬ್ಬೊಬ್ಬರನ್ನೇ ನೂರಾರು ಸಲ ಅಳೆಯೋದು ಮೊದಲು ಆಗದ ಮಾತಾಗಿತ್ತು. 1970ರ ದಶಕದಲ್ಲಿ ಜನರ ಹತ್ರ ಪೇಜರ್ ಕೊಟ್ಟು, ಅದು ಬೀಪ್ ಅಂದಾಗೆಲ್ಲ ಈಗ ಏನು ಮಾಡ್ತಿದೀರ ಹೇಗನ್ಸ್ತಿದೆ ಅಂತ ಬರೆಸೋ ವಿಧಾನ ಶುರುವಾಯ್ತು, ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಮತ್ತು ರೀಡ್ ಲಾರ್ಸನ್ ಇದರಲ್ಲಿ ಮುಖ್ಯರು. ಈಗ ಆ ಕೆಲಸ ಫೋನ್ ಮಾಡುತ್ತೆ. ದಿನಕ್ಕೆ ನಾಲ್ಕೈದು ಸಲ, ಹಲವು ವಾರ ಉತ್ತರಿಸಿದ್ರೆ ಒಬ್ಬ ವ್ಯಕ್ತಿಯದ್ದೇ ನೂರಕ್ಕೂ ಹೆಚ್ಚು ಅಳತೆ ಸಿಗುತ್ತೆ, ಅವನಲ್ಲಿ ನಿದ್ದೆಗೆಟ್ಟ ಮೇಲೆ ಚಿಂತೆ ಬರುತ್ತಾ ಅಥವಾ ಚಿಂತೆಯಿಂದ ನಿದ್ದೆ ಕೆಡುತ್ತಾ ಅಂತ ನೋಡಬಹುದು. ತೊಂದರೆಗಳೂ ಇವೆ, ಪದೇಪದೇ ಕೇಳಿದ್ರೆ ಜನ ಬೇಸತ್ತು ಏನೋ ಒಂದು ಒತ್ತಿಬಿಡ್ತಾರೆ, ನಿಮಗೆ ಬೇಸರ ಇದೆಯಾ ಅಂತ ದಿನಾ ಕೇಳೋದೇ ಮನಸ್ಸನ್ನ ಆ ಕಡೆ ತಿರುಗಿಸಬಹುದು, ಈ ತಿಂಗಳ ಮಾದರಿ ಮುಂದಿನ ತಿಂಗಳು ಹಾಗೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಇಂಥ ಡೇಟಾ ಇಟ್ಕೊಂಡು ನಿಯಮ ಹುಡುಕೋದನ್ನೂ ಬಿಟ್ಟಿಲ್ಲ, ಕ್ರಮ ಮಾತ್ರ ತಿರುಗಿಸಿದ್ದಾರೆ. 2012ರಲ್ಲಿ ಕ್ಯಾಥ್ಲೀನ್ ಗೇಟ್ಸ್ ಮತ್ತು ಮೊಲೆನಾರ್ ಮೆದುಳಿನ ಸ್ಕ್ಯಾನ್‌ಗಳಿಗಾಗಿ ಪ್ರಕಟಿಸಿದ ಗಿಮ್ಮಿ ಅನ್ನೋ ಲೆಕ್ಕದ ವಿಧಾನ ಎಲ್ಲರ ಡೇಟಾವನ್ನ ಒಂದೇ ರಾಶಿ ಹಾಕಿ ಸರಾಸರಿ ತೆಗೆಯಲ್ಲ. ಒಬ್ಬೊಬ್ಬರ ಮಾದರಿಯನ್ನ ಬೇರೆಬೇರೆ ಇಟ್ಟು, ಯಾವ ಸಂಬಂಧ ಬಹುಪಾಲು ಜನರಲ್ಲಿ ಒಬ್ಬೊಬ್ಬರೊಳಗೂ ಕಾಣುತ್ತೋ ಅದನ್ನ ಮಾತ್ರ ಎಲ್ಲರ ಮಾದರಿಗೆ ಸೇರಿಸುತ್ತೆ, ಉಳಿದದ್ದನ್ನ ಆಯಾ ವ್ಯಕ್ತಿಯ ಖಾತೆಯಲ್ಲೇ ಬಿಡುತ್ತೆ. ಆಮೇಲೆ ಇದನ್ನ ಮೂಡು, ಆತಂಕ, ದಿನನಿತ್ಯದ ವರ್ತನೆಯ ಡೇಟಾಗೂ ಬಳಸೋಕೆ ಶುರು ಮಾಡಿದ್ರು. ಈ ಥರದ ಅಧ್ಯಯನದ ಫಲಿತಾಂಶವನ್ನ, ಯಾವುದಕ್ಕೆ ಯಾವುದರ ಜೊತೆ ಸಂಬಂಧ ಅಂತ ಗೆರೆ ಎಳೆದು ಚಿತ್ರವಾಗಿ ನೋಡಿದ್ರೆ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ ದಪ್ಪ ಗೆರೆಗಳು ಕೆಲವೇ ಕೆಲವು ಇರ್ತವೆ, ಒಬ್ಬೊಬ್ಬರಿಗೇ ಸೇರಿದ ತೆಳು ಗೆರೆಗಳು ತುಂಬಾ ಇರ್ತವೆ, ಎರಡೂ ಒಂದೇ ಚಿತ್ರದಲ್ಲಿ.